ಕೂಡದ ಸ್ಕೇಫಾಯ್ಡ್ ಮತ್ತು ನಾಳಸಹಿತ ಕಸಿಯ ಖ್ಯಾತಿ

ಮಣಿಕಟ್ಟಿನ ಎಂಟು ಕಿರುಮೂಳೆಗಳಲ್ಲಿ ಹೆಬ್ಬೆರಳಿನ ಬುಡದ ಕಡೆಗಿರುವ ಸ್ಕೇಫಾಯ್ಡ್ ಮುರಿದು ಕೂಡದೆ ಉಳಿದಾಗ, ರಕ್ತನಾಳ ಸಮೇತ ಮೂಳೆಯ ಚೂರನ್ನು ತಂದು ಕೂರಿಸುವ ಶಸ್ತ್ರಚಿಕಿತ್ಸೆಗೆ ಸಿಕ್ಕಿರುವ ಖ್ಯಾತಿ ಅದರ ಫಲಕ್ಕಿಂತ ದೊಡ್ಡದು. ಈ ಮೂಳೆಗೆ ರಕ್ತ ಬಹುಪಾಲು ಬೆರಳಿನ ಕಡೆಯಿಂದ ಹೊಕ್ಕು ಮುಂದೋಳಿನತ್ತ ಹಿಮ್ಮುಖವಾಗಿ ಹರಿಯುವುದರಿಂದ, ಮುರಿತದಾಚೆಯ ತುಂಡು ರಕ್ತವಿಲ್ಲದೆ ಸಾಯಬಹುದೆಂಬುದು ಸರ್ವವಿದಿತ.

1991ರಲ್ಲಿ ಅರ್ಜೆಂಟೀನಾದ ಜೈಡೆಂಬರ್ಗ್ ಮತ್ತು ಸಂಗಡಿಗರು ಮುಂದೋಳಿನ ರೇಡಿಯಸ್ ಮೂಳೆಯ ಹಿಂಬದಿಯ ಚೂರನ್ನು ಅದರ ನಾಳದೊಡನೆ ತಿರುಗಿಸಿ ಕೂರಿಸಿ, 11ಕ್ಕೆ 11 ಮುರಿತಗಳೂ ಕೂಡಿದವೆಂದು ಪ್ರಕಟಿಸಿದರು. 2002ರಲ್ಲಿ ಸ್ಟ್ರಾ, ಡೇವಿಸ್ ಮತ್ತು ಡಯಾಸ್ ಅದೇ ನಾಳದ ಕಸಿಯನ್ನು 22 ಮುರಿತಗಳಿಗೆ ಮಾಡಿದಾಗ ಕೂಡಿದ್ದು 6 ಮಾತ್ರ. ತುಂಡಿಗೆ ರಕ್ತ ನಿಂತಿದ್ದ 16ರಲ್ಲಿ ಕೂಡಿದ್ದು 2. ಈ ಅಂತರಕ್ಕೆ ಒಂದು ಕಾರಣ ವಿಧಾನದ ರಚನೆಯಲ್ಲೇ ಇದೆ. ಹಳೆಯ ಮುರಿತದಲ್ಲಿ ಮೂಳೆ ಗೂನಾಗಿ ಬಾಗಿರುತ್ತದೆ, ಅದನ್ನು ನೇರಗೊಳಿಸಿದಾಗ ಸಂದು ಅಂಗೈ ಬದಿಯಲ್ಲಿ ಬಾಯಿ ತೆರೆಯುತ್ತದೆ. ಹಿಂಬದಿಯಿಂದ ಬರುವ ಚೂರು ಆ ಸಂದಿಗೆ ಆಸರೆಯಾಗಲು ಒದ್ದಾಡುತ್ತದೆ, ಅದನ್ನು ಬಲವಂತವಾಗಿ ತಿರುಗಿಸಿದರೆ ನಾಳವೇ ಮಡಚಿಕೊಳ್ಳುತ್ತದೆ. ಸೊಂಟದ ಮೂಳೆಯಿಂದ ಬೆಣೆಯಂತಹ ತುಂಡು ತೆಗೆದು ಅಂಗೈ ಬದಿಯಿಂದ ತುರುಕಿ ಉದ್ದವನ್ನು ಮರಳಿಸುವ ಫೆರ್ನಾಂಡೀಸ್ ಅವರ ಕ್ರಮ ಮತ್ತು ಎರಡು ತುಂಡುಗಳನ್ನು ಒತ್ತಿ ಹಿಡಿಯುವ ಹರ್ಬರ್ಟ್ ತಿರುಪು, ಎರಡೂ 1984ರಲ್ಲಿ ಪ್ರಕಟವಾದವು. ಆಕಾರ ಮತ್ತು ಬಿಗಿತ ಎರಡನ್ನೂ ಗಮನಿಸುವ ಈ ಹಳೆಯ ಜೋಡಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ಎದುರುವಾದಿಗಳು ಮೆರೆಲ್ ಮತ್ತು ಸಂಗಡಿಗರ 2002ರ ಸಂಗ್ರಹ ವಿಶ್ಲೇಷಣೆಯನ್ನು ಮುಂದಿಡುತ್ತಾರೆ. ರಕ್ತ ನಿಂತ ಮುರಿತಗಳಲ್ಲಿ ನಾಳಸಹಿತ ಕಸಿಗೆ ಶೇ. 88, ತಿರುಪು–ಬೆಣೆಗೆ ಶೇ. 47 ಕೂಡಿಕೆ ಅದರ ಲೆಕ್ಕ. ಆದರೆ ಬೇರೆ ಬೇರೆ ಕೈಗಳು, ಬೇರೆ ಬೇರೆ ರೋಗಿಗಳ ಮೇಲೆ ಮಾಡಿದ ಕೆಲಸವನ್ನು ಒಂದೆಡೆ ಕೂಡಿಸಿ ಬಂದ ಅಂಕಿ, ವಿಧಾನದ ಗುಣವನ್ನೂ ರೋಗಿಯ ಆಯ್ಕೆಯನ್ನೂ ಬೇರ್ಪಡಿಸಲಾರದು. ಸೊಂಟದ ಕಸಿಯೂ ಸೋಲುತ್ತದೆಂಬುದು ನಿಜ. ಅದರಿಂದ ಗೆಲುವು ಇನ್ನೊಂದರ ಪಾಲಾಗುವುದಿಲ್ಲ.

ಮುರಿತ ಕೂಡದೆ ಉಳಿಯುವುದರ ಎಲ್ಲ ತಪ್ಪನ್ನೂ ಕಟ್ಟು ಕಟ್ಟುವ ನಾಟಿ ವೈದ್ಯರ ತಲೆಗೆ ಕಟ್ಟುವ ಇನ್ನೊಂದು ಪಂಥವೂ ಅರ್ಧಸತ್ಯವನ್ನೇ ಹೇಳುತ್ತದೆ, ಏಕೆಂದರೆ ಈ ಮುರಿತ ಮೊದಲ ಎಕ್ಸ್‌ರೇಯಲ್ಲಿ ಹಲವೊಮ್ಮೆ ಕಾಣದೆ, ಉಳುಕೆಂದು ರೋಗಿಯನ್ನು ಆಸ್ಪತ್ರೆಯಿಂದಲೇ ಮನೆಗೆ ಕಳಿಸಬಹುದು. ಉದಾಹರಣೆಗೆ, ಮುಡುಕುತೊರೆಯ ರೈತನೊಬ್ಬ ಕೈಯೂರಿ ಬಿದ್ದು, ಹೆಬ್ಬೆರಳ ಬುಡದ ಗುಳಿಯಲ್ಲಿ ನೋವಿದ್ದರೆ, ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿ 10–14 ದಿನಗಳ ನಂತರ ಇನ್ನೊಂದು ಎಕ್ಸ್‌ರೇ ತೆಗೆಯುವುದು ಅವನ ತಾಲ್ಲೂಕು ಕೇಂದ್ರವಾದ ತಿ. ನರಸೀಪುರದಲ್ಲೇ ಆಗಬಲ್ಲ ಕೆಲಸ. ಅದು ತಪ್ಪಿದ ಮೇಲೆ ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಮೊದಲು ಪರಿಗಣಿಸಬೇಕಾದದ್ದು ತಿರುಪು ಮತ್ತು ಸೊಂಟದ ಬೆಣೆ. ನಾಳಸಹಿತ ಕಸಿ ಆಯ್ದ ಕೆಲವರಿಗೆ ಮೀಸಲಾಗಬೇಕಾದ ಎರಡನೆಯ ಅಸ್ತ್ರವೇ ಹೊರತು ಮೊದಲನೆಯದಲ್ಲ.