ಕಚನ ಗುರುಕುಲವೂ 'ಚೆರಬ್' ಶಾಲೆಯೂ



ಈ ಬಾರಿ ನಾವು ಎತ್ತಿಕೊಂಡಿರುವ ಪುಸ್ತಕಗಳು ಕನ್ನಡದವಲ್ಲ. ದೊಡ್ಡವರಿಗೆಂದು ಬರೆದವೂ ಅಲ್ಲ. ಆದರೆ ಕುವೈತಿನ ನಮ್ಮ ಮನೆಗಳಲ್ಲಿ ಕಾರಂತ, ಭೈರಪ್ಪ, ತೇಜಸ್ವಿಯವರ ಪುಸ್ತಕಗಳು ಕಪಾಟಿನಲ್ಲಿ ನೆಟ್ಟಗೆ ನಿಂತಿದ್ದರೆ, ಮಕ್ಕಳ ಕೈಯಿಂದ ಕೈಗೆ ಓಡಾಡಿ ರಟ್ಟು ಕಿತ್ತುಹೋಗಿರುವ ಪುಸ್ತಕಗಳು ಇವೇ. ಇಂಗ್ಲೆಂಡಿನ ರಾಬರ್ಟ್ ಮಚಮೋರ್ ಅವರ 'ಚೆರಬ್' ಸರಣಿ, ಅಲ್ಲಿಯವರೇ ಆದ ಆಂಟನಿ ಹೊರೊವಿಟ್ಜ್ ಅವರ 'ಅಲೆಕ್ಸ್ ರೈಡರ್' ಸರಣಿ, ಅಮೆರಿಕದ ಸ್ಟುವರ್ಟ್ ಗಿಬ್ಸ್ ಅವರ 'ಸ್ಪೈ ಸ್ಕೂಲ್' ಸರಣಿ. ಮೂರರಲ್ಲೂ ಮಕ್ಕಳೇ ಗೂಢಚಾರರು. ಮೂರರಲ್ಲೂ ಶಾಲೆಯಿದೆ, ಮೇಷ್ಟ್ರುಗಳಿದ್ದಾರೆ. ಮಕ್ಕಳು ಇಷ್ಟು ಪ್ರೀತಿಯಿಂದ ಓದುವುದನ್ನು ದೊಡ್ಡವರೂ ಒಮ್ಮೆ ಕೂತು ಓದಬೇಕು, ಓದಿ ಜಗಳವಾಡಬೇಕು ಎಂಬುದು ನಮ್ಮ ನಂಬಿಕೆ.

ಪತ್ತೇದಾರಿಯ ರುಚಿ ಕನ್ನಡಿಗರಿಗೆ ಹೊಸದೇನಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ನಡುವೆ ಇಟ್ಟುಕೊಂಡು ಓದಿದ ತಲೆಮಾರು ನಮ್ಮದು, ನಮ್ಮ ಹಿರಿಯರದು. ಮಕ್ಕಳೇ ಪತ್ತೇದಾರರಾಗುವ 'ಪುಟಾಣಿ ಏಜೆಂಟ್ 123' ಎಂಬ ಸಿನಿಮಾ 1979ರಲ್ಲೇ ನಮ್ಮಲ್ಲಿ ಬಂದಿತ್ತು. ಆದರೆ ನಮ್ಮ ಪತ್ತೇದಾರಿಕೆ ಶಾಲೆಯ ಬಾಗಿಲ ಹೊರಗಿನದು. ಮೇಷ್ಟ್ರ ಕಣ್ಣು ತಪ್ಪಿಸಿ ಓದುವಂಥದ್ದು. ಈ ಇಂಗ್ಲಿಷ್ ಪುಸ್ತಕಗಳಲ್ಲಾದರೋ ಬೇಹುಗಾರಿಕೆಯೇ ಪಾಠ, ಸುಳ್ಳು ಹೇಳುವುದೇ ಪರೀಕ್ಷೆ! ಸುಳ್ಳನ್ನು ಕಲಿಸುವ ಗುರು ತನ್ನ ಶಿಷ್ಯನಿಗೆ ಎಷ್ಟು ನಿಜ ಹೇಳಬೇಕು? ಈ ಪುಸ್ತಕಗಳನ್ನು ಅಳೆಯಲು ನಾವು ಹಿಡಿದಿರುವ ಕೋಲು ಇದೊಂದೇ.

'ಚೆರಬ್' ಸರಣಿಯ ಮೊದಲ ಪುಸ್ತಕ 'ದಿ ರಿಕ್ರೂಟ್' ಪ್ರಕಟವಾದದ್ದು 2004ರಲ್ಲಿ. ಮೊದಲ ಕಂತಿನ 12 ಪುಸ್ತಕಗಳು 2010ಕ್ಕೆ ಮುಗಿದವು. ಎರಡನೆಯ ಕಂತು 2016ರವರೆಗೆ ನಡೆಯಿತು. ಮಚಮೋರ್ ಬರಹಕ್ಕೆ ಬರುವ ಮುನ್ನ ಖಾಸಗಿ ಪತ್ತೇದಾರಿಕೆಯ ಕೆಲಸದಲ್ಲಿದ್ದವರು. ಓದಲು ಒಳ್ಳೆಯ ಪುಸ್ತಕವೇ ಇಲ್ಲ ಎಂದು ಆಸ್ಟ್ರೇಲಿಯಾದಲ್ಲಿದ್ದ ಅವರ ಅಕ್ಕನ ಮಗ ಗೊಣಗಿದ್ದೇ ಈ ಸರಣಿಗೆ ಮೂಲವಂತೆ. ಕಥೆ ಹೀಗಿದೆ. ಬ್ರಿಟಿಷ್ ಗುಪ್ತಚರ ಇಲಾಖೆಗೆ ಸೇರಿದ, ನಕ್ಷೆಯಲ್ಲಿ ಕಾಣಿಸದ ಒಂದು ಆವರಣ. ಅಲ್ಲಿ 10ರಿಂದ 17 ವರ್ಷದ ಮಕ್ಕಳು ಏಜೆಂಟರು. ಮಗುವೊಂದು ತನ್ನ ಮೇಲೆ ಕಣ್ಣಿಟ್ಟಿದೆ ಎಂದು ಯಾವ ಅಪರಾಧಿಯೂ ಅನುಮಾನಪಡುವುದಿಲ್ಲ ಎಂಬುದೇ ಇಡೀ ಸಂಸ್ಥೆಯ ತಳಹದಿ. ಮಕ್ಕಳೆಲ್ಲ ತಂದೆ ತಾಯಿ ಇಲ್ಲದವರು. ನಾಯಕ ಜೇಮ್ಸ್ ತಾಯಿಯನ್ನು ಕಳೆದುಕೊಂಡು, ತಂಗಿ ಲಾರೆನ್‌ಳಿಂದ ಬೇರೆಯಾಗಿ, ಅನಾಥಾಲಯ ಸೇರಿ, ಅಲ್ಲಿಂದ ಈ ಶಾಲೆಗೆ ಬರುತ್ತಾನೆ.

ಶಾಲೆಯ ಚಿತ್ರಣದಲ್ಲಿ ಮಚಮೋರ್ ನಿಜಕ್ಕೂ ಗೆದ್ದಿದ್ದಾರೆ. ಅಂಗಿಯ ಬಣ್ಣದಲ್ಲೇ ಇಡೀ ವರ್ಣಾಶ್ರಮ! ಹೊರಗಿನಿಂದ ಬಂದವನಿಗೆ ಕಿತ್ತಳೆ ಬಣ್ಣ, ಅವನೊಡನೆ ಯಾರೂ ಮಾತಾಡುವಂತಿಲ್ಲ. ತರಬೇತಿಯಲ್ಲಿರುವವನಿಗೆ ತಿಳಿನೀಲಿ, ತೇರ್ಗಡೆಯಾದವನಿಗೆ ಬೂದು, ಸಾಹಸ ಮೆರೆದವನಿಗೆ ಕಡುನೀಲಿ, ಅದಕ್ಕೂ ಮಿಗಿಲಾದವನಿಗೆ ಕಪ್ಪು, ನಿವೃತ್ತನಿಗೆ ಬಿಳಿ. ಈಜಲು ಹೆದರುವ ಜೇಮ್ಸ್‌ಗೆ ಹಿರಿಯ ವಿದ್ಯಾರ್ಥಿನಿ ಏಮಿ ತಾಳ್ಮೆಯಿಂದ ಈಜು ಕಲಿಸುತ್ತಾಳೆ. ಓದುತ್ತಾ ಓದುತ್ತಾ ನಮಗೂ ಅನಿಸುತ್ತದೆ, ಈ ಹುಡುಗಿಯೇ ಆ ಶಾಲೆಯ ಅತ್ಯುತ್ತಮ ಮೇಷ್ಟ್ರು ಎಂದು. ಇನ್ನೊಂದು ತುದಿಯಲ್ಲಿ 100 ದಿನಗಳ ತರಬೇತಿಯನ್ನು ನಡೆಸುವ ಮಿಸ್ಟರ್ ಲಾರ್ಜ್. ಚಳಿಯಲ್ಲಿ ನಿಲ್ಲಿಸುವುದು, ಹಸಿವಿನಲ್ಲಿ ಓಡಿಸುವುದು, ಅವಮಾನ ಮಾಡುವುದು ಅವನಿಗೆ ಕರ್ತವ್ಯಕ್ಕಿಂತ ಹೆಚ್ಚಾಗಿ ಸಂತೋಷ. ಲಾರೆನ್ ತನ್ನ ಸರದಿ ಬಂದಾಗ ಅವನಿಗೆ ಸಲಿಕೆಯಿಂದಲೇ ಬಾರಿಸುತ್ತಾಳೆ. ಓದುವ ಮಕ್ಕಳು ಚಪ್ಪಾಳೆ ತಟ್ಟುವ ಜಾಗ ಅದು.

ನಮ್ಮ ಮೊದಲ ತಕರಾರು ಇಲ್ಲಿಯೇ. ಲಾರ್ಜ್ ಕೆಟ್ಟವನು ಎಂದು ಪುಸ್ತಕ ಒಪ್ಪುತ್ತದೆ. ಆದರೆ ಆ 100 ದಿನಗಳು ಕೆಟ್ಟವು ಎಂದು ಎಲ್ಲಿಯೂ ಹೇಳುವುದಿಲ್ಲ. ಪೆಟ್ಟು ತಿಂದವನೇ ಗಟ್ಟಿಯಾಗುತ್ತಾನೆ ಎಂಬ ಹಳೆಯ ನಂಬಿಕೆ ಇಲ್ಲಿ ಬಣ್ಣದ ಅಂಗಿ ತೊಟ್ಟು ಬಂದಿದೆ. ನಾಗರಬೆತ್ತದ ಕಾಲದ ಶಾಲೆಗಳಲ್ಲಿ ಕಲಿತವರಿಗೆ ಈ ನಂಬಿಕೆಯ ಪರಿಚಯ ಚೆನ್ನಾಗಿಯೇ ಇದೆ.

ಎರಡನೆಯ ತಕರಾರು ಇನ್ನೂ ದೊಡ್ಡದು. ಅನಾಥಾಲಯದಲ್ಲಿ ಜೇಮ್ಸ್‌ನ ಕೋಣೆಯಲ್ಲಿದ್ದು ಸ್ನೇಹ ಮಾಡುವ ಕೈಲ್ ನಿಜದಲ್ಲಿ ಚೆರಬ್‌ನವನೇ. ಹೊಸ ಹುಡುಗರನ್ನು ಹುಡುಕಲು ಬಂದವನು. ಅಂದರೆ ಜೇಮ್ಸ್ ಶಾಲೆಗೆ ಕಾಲಿಡುವ ಮೊದಲೇ, ಅವನಿಗೇ ಗೊತ್ತಿಲ್ಲದೆ, ಶಾಲೆ ಅವನ ಮೇಲೆ ಬೇಹುಗಾರಿಕೆ ನಡೆಸಿದೆ. ಚೆರಬ್‌ನಲ್ಲಿ ಒಂದು ಒಳ್ಳೆಯ ನಿಯಮವೂ ಇದೆ ಎನ್ನಬೇಕು. ಯಾವ ಮಗುವೂ ತನಗೆ ಒಪ್ಪಿಸಿದ ಕೆಲಸವನ್ನು ಒಲ್ಲೆ ಎನ್ನಬಹುದು, ನಡುವೆಯೇ ಬಿಟ್ಟು ಬರಬಹುದು. ಕಾಗದದ ಮೇಲೆ ಇದು ಬಹಳ ಚೆಂದ. ಆದರೆ ಈ ಶಾಲೆ ಬಿಟ್ಟರೆ ಬೇರೆ ಮನೆಯೇ ಇಲ್ಲದ ಹುಡುಗನ 'ಒಲ್ಲೆ'ಗೆ ಎಷ್ಟು ಬೆಲೆ? ಗೆಳೆಯರೆಲ್ಲ ಕಡುನೀಲಿ ಅಂಗಿ ತೊಟ್ಟು ಊಟಕ್ಕೆ ಕೂತಿರುವಾಗ, ಬೂದು ಅಂಗಿಯವನು ಎಷ್ಟು ದಿನ 'ಒಲ್ಲೆ' ಎಂದಾನು?

ಅನಾಥ ಮಕ್ಕಳನ್ನು ಸಾಕಿ ಗೂಢಚಾರರನ್ನಾಗಿ ಮಾಡುವುದು ಮಚಮೋರ್ ಅವರ ಕಲ್ಪನೆಯೆಂದು ಯಾರಾದರೂ ಭಾವಿಸಿದರೆ, ಅವರನ್ನು ನಾವು ಮೈಸೂರಿಗೆ ಕರೆದೊಯ್ಯಬೇಕು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ತಾಳೆಗರಿ ಕಟ್ಟನ್ನು ತಂದುಕೊಟ್ಟರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಜಗತ್ತು ಕಳೆದುಕೊಂಡಿದ್ದ ಗ್ರಂಥ ಮತ್ತೆ ಬೆಳಕು ಕಂಡದ್ದು ನಮ್ಮ ಮೈಸೂರಿನಲ್ಲಿ ಎಂಬ ಹೆಮ್ಮೆ ನಮಗೆಲ್ಲ ಇದ್ದೇ ಇದೆ. ಆ ಗ್ರಂಥದಲ್ಲಿ ಗೂಢಚಾರರ ಪಟ್ಟಿಯೊಂದಿದೆ. ಅದರಲ್ಲಿ ಮೊದಲು ಬರುವವನೇ 'ಕಾಪಟಿಕ', ಇತರರ ಮರ್ಮ ಬಲ್ಲ ಚುರುಕು ಬಾಯಿಯ ವಿದ್ಯಾರ್ಥಿ. ಮುಂದೆ 'ಸತ್ರಿ'ಗಳು ಬರುತ್ತಾರೆ: ಬಂಧುಗಳಿಲ್ಲದ್ದರಿಂದ ರಾಜ್ಯವೇ ಸಾಕಬೇಕಾದವರು, ಅದಕ್ಕಾಗಿಯೇ ವಿದ್ಯೆಗಳನ್ನು ಕಲಿತವರು. ಅನ್ನ ಕೊಟ್ಟವನಿಗೆ 'ಒಲ್ಲೆ' ಎನ್ನಲಾಗದವರನ್ನೇ ಆರಿಸಬೇಕು ಎಂಬ ಲೆಕ್ಕಾಚಾರ ಕೌಟಿಲ್ಯನಿಗೂ ಗೊತ್ತಿತ್ತು. ಒಂದೇ ವ್ಯತ್ಯಾಸ. ಕೌಟಿಲ್ಯ ಅದನ್ನು ಮುಚ್ಚಿಡಲಿಲ್ಲ; ಅದಕ್ಕೆ ಸಾಹಸವೆಂಬ ಹೆಸರನ್ನೂ ಕೊಡಲಿಲ್ಲ.

ಉಳಿದೆರಡು ಸರಣಿಗಳ ಮೇಷ್ಟ್ರುಗಳನ್ನೂ ನೋಡೋಣ. 'ಅಲೆಕ್ಸ್ ರೈಡರ್' ಸರಣಿಯ ಎರಡನೆಯ ಪುಸ್ತಕ 'ಪಾಯಿಂಟ್ ಬ್ಲಾಂಕ್' (2001). ಫ್ರಾನ್ಸಿನ ಹಿಮಪರ್ವತದ ಮೇಲೆ ಸಿರಿವಂತರ ಹದ್ದುಮೀರಿದ ಮಕ್ಕಳನ್ನು ತಿದ್ದುವ ಶಾಲೆ. ಅಲ್ಲಿಗೆ ಹೋದ ತುಂಟರು ಕೆಲವೇ ದಿನಗಳಲ್ಲಿ ವಿಧೇಯರಾಗುತ್ತಾರೆ, ತಂದೆಯರಿಗೆ ಸಂತೋಷವೋ ಸಂತೋಷ! ಗುಟ್ಟೇನೆಂದರೆ, ಮುಖ್ಯೋಪಾಧ್ಯಾಯ ಡಾಕ್ಟರ್ ಗ್ರೀಫ್ ನಿಜವಾದ ಹುಡುಗರನ್ನು ಕೂಡಿಹಾಕಿ, ತನ್ನದೇ ತದ್ರೂಪುಗಳಿಗೆ ಅವರ ಮುಖ ಕೊಟ್ಟು ಮನೆಗಳಿಗೆ ಕಳಿಸುತ್ತಿದ್ದಾನೆ. ರೋಚಕ ಕಥೆಯ ಒಳಗೆ ಇಷ್ಟು ಕಹಿಯಾದ ವಿಡಂಬನೆಯನ್ನು ಹೊರೊವಿಟ್ಜ್ ಅಡಗಿಸಿಟ್ಟಿದ್ದಾರೆ. ಶಿಷ್ಯರೆಲ್ಲ ತನ್ನಂತೆಯೇ ಆಗಬೇಕೆಂದು ಬಯಸುವ ಗುರು, ಮಗ ಬದಲಾದದ್ದನ್ನು ಕಂಡೂ 'ಸದ್ಯ, ಮಾತು ಕೇಳುತ್ತಾನಲ್ಲ' ಎಂದು ಸುಮ್ಮನಾಗುವ ತಂದೆ. ಇವರಿಬ್ಬರೂ ಕಥೆಯಲ್ಲಿ ಮಾತ್ರ ಸಿಗುವವರಲ್ಲ.

ಗಿಬ್ಸ್ ಅವರ 'ಸ್ಪೈ ಸ್ಕೂಲ್' (2012) ನಗಿಸುವ ಪುಸ್ತಕ. ಗಣಿತದಲ್ಲಿ ಜಾಣನಾದ 12 ವರ್ಷದ ಬೆನ್ ರಿಪ್ಲಿಗೆ ಗೂಢಚಾರರ ಶಾಲೆಯಲ್ಲಿ ಸೀಟು ಸಿಗುತ್ತದೆ. ತನ್ನ ಪ್ರತಿಭೆಗೆ ಸಿಕ್ಕ ಮನ್ನಣೆ ಎಂದು ಅವನು ಹಿಗ್ಗುತ್ತಾನೆ. ಆಮೇಲೆ ತಿಳಿಯುತ್ತದೆ, ಶಾಲೆಯೊಳಗಿನ ದ್ರೋಹಿಯನ್ನು ಹಿಡಿಯಲು ಗಾಳಕ್ಕೆ ಸಿಕ್ಕಿಸಿದ ಎರೆಹುಳು ತಾನು ಎಂದು. ಮೂರು ಸರಣಿಗಳಲ್ಲಿ ಗುರುಗಳ ಬಣ್ಣ ಇಷ್ಟು ನೇರವಾಗಿ ಬಯಲಾಗುವುದು ಇಲ್ಲಿಯೇ. ನಗುತ್ತಲೇ ಓದುವ ಮಗುವಿಗೆ ಒಂದು ಪ್ರಶ್ನೆ ಉಳಿದುಕೊಳ್ಳುತ್ತದೆ: ನನ್ನನ್ನು ಆರಿಸಿದವರು ಯಾತಕ್ಕಾಗಿ ಆರಿಸಿದರು?

ಈ ಪ್ರಶ್ನೆ ಹಿಡಿದು ಹೊರಟರೆ ನಮಗೆ ನೆನಪಾಗುವುದು ಕಚ. ಕರಾವಳಿಯ ನಮ್ಮ ಓದುಗರು ಕಚ ದೇವಯಾನಿಯರನ್ನು ಯಕ್ಷಗಾನದ ರಂಗದ ಮೇಲೆ ಕಂಡವರೇ. ಸತ್ತ ದಾನವರನ್ನು ಶುಕ್ರಾಚಾರ್ಯರು ಸಂಜೀವಿನಿಯಿಂದ ಬದುಕಿಸುತ್ತಾರೆ. ಆ ವಿದ್ಯೆಯನ್ನು ತರಲು ದೇವತೆಗಳು ಬೃಹಸ್ಪತಿಯ ಮಗನನ್ನು ಶತ್ರುಗಳ ಗುರುವಿನ ಮನೆಗೇ ಶಿಷ್ಯನಾಗಿ ಕಳಿಸುತ್ತಾರೆ. ಇದಕ್ಕಿಂತ ಹಳೆಯ ವಿದ್ಯಾರ್ಥಿ ಬೇಹುಗಾರ ಬೇಕೇ? ಆದರೆ ಕಚ ತನ್ನ ಹೆಸರು, ತಂದೆಯ ಹೆಸರು ಹೇಳಿಯೇ ಒಳಗೆ ಹೋಗುತ್ತಾನೆ. ಶುಕ್ರರು ತಿಳಿದೂ ತಿಳಿದೂ ಅವನನ್ನು ಶಿಷ್ಯನಾಗಿ ಒಪ್ಪುತ್ತಾರೆ. ದಾನವರು ಅವನನ್ನು ಮೂರು ಸಲ ಕೊಲ್ಲುತ್ತಾರೆ. ಮೂರನೆಯ ಸಲ ಸುಟ್ಟ ಬೂದಿಯನ್ನು ಮದ್ಯದಲ್ಲಿ ಬೆರೆಸಿ ಗುರುವಿಗೇ ಕುಡಿಸುತ್ತಾರೆ. ಆಗ ಶುಕ್ರರು ತಮ್ಮ ಹೊಟ್ಟೆಯೊಳಗಿನ ಶಿಷ್ಯನಿಗೆ ವಿದ್ಯೆಯನ್ನು ಉಪದೇಶಿಸುತ್ತಾರೆ. ಅವನು ಹೊರಬಂದರೆ ತಾವು ಸಾಯುವುದು ಖಂಡಿತ, ಅವನು ನಂಬಿಕೆ ಉಳಿಸಿಕೊಂಡರೆ ಮಾತ್ರ ತಾವು ಬದುಕುವುದು. ಕಚ ಉಳಿಸಿಕೊಳ್ಳುತ್ತಾನೆ. ಗುರು ಶಿಷ್ಯ ಇಬ್ಬರೂ ಸಮನಾಗಿ ಪ್ರಾಣ ಒತ್ತೆಯಿಟ್ಟ ಪಾಠ ಅದು. ಚೆರಬ್‌ನಲ್ಲಿ ಪ್ರಾಣ ಒತ್ತೆ ಇಡುವವರು ಮಕ್ಕಳು. ಮೇಷ್ಟ್ರುಗಳು ಬಹುಪಾಲು ಆವರಣದಲ್ಲೇ ಉಳಿಯುತ್ತಾರೆ.

ಕಚನ ಕಥೆ ಅಲ್ಲಿಗೇ ಮುಗಿಯುವುದಿಲ್ಲ, ದೇವಯಾನಿ ಇದ್ದಾಳಲ್ಲ! ಅವಳನ್ನು ಒಲಿಸಿಕೊಂಡರೆ ಕೆಲಸ ಸುಲಭ ಎಂದು ದೇವತೆಗಳೇ ಹೇಳಿಕೊಟ್ಟಿದ್ದರು. ಅವನನ್ನು ಮತ್ತೆ ಮತ್ತೆ ಬದುಕಿಸಿದ್ದು ಅವಳ ಕಣ್ಣೀರು. ವಿದ್ಯೆ ಸಿಕ್ಕಿತು, ಅವಧಿ ಮುಗಿಯಿತು, ಕಚ ಹೊರಟು ನಿಂತ. ಮದುವೆಯಾಗು ಎಂದರೆ, ನೀನು ತಂಗಿಯ ಸಮಾನ ಎಂದ. ಕಲಿತ ವಿದ್ಯೆ ನಿನಗೆ ಫಲಿಸದಿರಲಿ ಎಂದು ಅವಳು ಶಪಿಸಿದಳು. ಅವನೂ ತಿರುಗಿ ಶಪಿಸಿದ. ವ್ಯಾಸರು ಈ ಜಗಳವನ್ನು ಮುಚ್ಚಿಡಲಿಲ್ಲ. ಕಾರ್ಯಸಾಧನೆಗಾಗಿ ಪ್ರೀತಿಯನ್ನು ಬಳಸಿಕೊಂಡರೆ ಅದಕ್ಕೆ ಬೆಲೆ ತೆರಬೇಕು ಎಂಬುದು ಕಥೆಯೊಳಗೇ ಇದೆ.

'ದಿ ರಿಕ್ರೂಟ್'ನಲ್ಲೂ ಒಬ್ಬ ದೇವಯಾನಿ ಇದ್ದಾಳೆ. ವೇಲ್ಸ್‌ನ ಫೋರ್ಟ್ ಹಾರ್ಮನಿ ಎಂಬ ಬಿಡಾರಕ್ಕೆ ಜೇಮ್ಸ್ ಸುಳ್ಳು ಮನೆತನ ಹೇಳಿಕೊಂಡು ಹೋಗುತ್ತಾನೆ. ಜೊವಾನಾ ಎಂಬ ಹುಡುಗಿ ಗೆಳತಿಯಾಗುತ್ತಾಳೆ. ಕೆಲಸ ಮುಗಿಯುತ್ತದೆ, ಹುಡುಗ ಹೊರಡುತ್ತಾನೆ, ಕಡುನೀಲಿ ಅಂಗಿ ಸಿಗುತ್ತದೆ. ಮುಂದಿನ ಪುಸ್ತಕದಲ್ಲಿ ಹೊಸ ಮನೆತನ, ಹೊಸ ಗೆಳೆಯರು. ಜೊವಾನಾಳ ಶಾಪವನ್ನು ಕೇಳಿಸಿಕೊಳ್ಳಲು ಸರಣಿಗೆ ಪುರುಸೊತ್ತಿಲ್ಲ. ನಮ್ಮ ವಿಮರ್ಶೆಯ ತಿರುಳು ಇಷ್ಟೇ: ಚೆರಬ್ ಶಾಲೆಯಲ್ಲಿ ಎಲ್ಲ ವಿದ್ಯೆಗಳಿಗೂ ಮೇಷ್ಟ್ರುಗಳಿದ್ದಾರೆ, ಬಿಟ್ಟುಬಂದವರನ್ನು ನೆನೆಯುವುದನ್ನು ಕಲಿಸುವ ಮೇಷ್ಟ್ರು ಮಾತ್ರ ಇಲ್ಲ.

ಮಚಮೋರ್ ಅವರ ಪರವಾಗಿಯೂ ಒಂದು ಮಾತು. ಚೆರಬ್‌ನ ಹುಟ್ಟನ್ನು ಹೇಳುವ 'ಹೆಂಡರ್ಸನ್ಸ್ ಬಾಯ್ಸ್' ಎಂಬ 7 ಪುಸ್ತಕಗಳ ಸರಣಿಯನ್ನು ಅವರು 2009ರಿಂದ ಬರೆದರು. 1940ರ ಫ್ರಾನ್ಸ್, ಜರ್ಮನ್ ಸೇನೆ ಒಳನುಗ್ಗಿದ ಕಾಲ. ಇಲ್ಲಿ ಮಕ್ಕಳು ಬೇಹುಗಾರರಾಗುವುದು ಬೇರೆ ದಾರಿ ಕಾಣದೆ. ಕುವೈತಿನಲ್ಲಿ ಕೂತು ಓದುವವರಿಗೆ ಆ ಪುಟಗಳು ಬೇರೆಯೇ ಬಗೆಯಲ್ಲಿ ತಟ್ಟುತ್ತವೆ. 1990ರ ಆಗಸ್ಟ್ 2ರಂದು ಇರಾಕಿ ಸೇನೆ ನುಗ್ಗಿದ ಮೇಲೆ, ಹುಡುಕಿ ಬರುವ ಸೈನಿಕರಿಗೆ ದಾರಿ ತಪ್ಪಲೆಂದು ಇಲ್ಲಿನ ಜನ ಬೀದಿಯ ಫಲಕಗಳನ್ನೇ ಕಿತ್ತುಹಾಕಿದ್ದರು. ಅಮ್ಮಾನ್ ದಾರಿಯಾಗಿ ಊರು ಸೇರಿದ ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ನಮ್ಮವರೂ ಇದ್ದರು. 1991ರ ಫೆಬ್ರವರಿ 26ರವರೆಗೆ ಈ ಊರಿನಲ್ಲಿ ಗುಟ್ಟು ಎನ್ನುವುದು ಆಟವಾಗಿರಲಿಲ್ಲ. ಆದರೆ ಕಥೆಯ ಚೆರಬ್ ಯುದ್ಧ ಮುಗಿದ ಮೇಲೆ, 1946ರಲ್ಲಿ, ಖಾಯಂ ಸಂಸ್ಥೆಯಾಗುತ್ತದೆ. ಆಪತ್ತಿಗೆಂದು ಹಿಡಿದ ಉಪಾಯವೇ ಪಾಠಪಟ್ಟಿಯಾದಾಗ, ಯಾರಾದರೂ ಒಬ್ಬ ಮೇಷ್ಟ್ರಾದರೂ ಎದ್ದು 'ಇನ್ನು ಸಾಕು' ಎನ್ನಬೇಕಿತ್ತು.

ಇಷ್ಟೆಲ್ಲ ಕೊರತೆಗಳಿದ್ದರೂ ನಮ್ಮ ಮಕ್ಕಳಿಗೆ ಈ ಶಾಲೆ ಇಷ್ಟವಾಗುವುದೇಕೆ? ಬಂದೂಕು, ಬೈಕು ಮಾತ್ರ ಕಾರಣವಲ್ಲ ಎಂದು ನಮಗನಿಸುತ್ತದೆ. ಸಾಲ್ಮಿಯಾದಲ್ಲೋ ಅಬ್ಬಾಸಿಯಾದಲ್ಲೋ ಬೆಳೆಯುವ ಮಗು ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ ಬ್ಯಾರಿಯೋ ಮಾತಾಡುತ್ತದೆ, ತರಗತಿಯಲ್ಲಿ ಇಂಗ್ಲಿಷ್, ಆಟದಲ್ಲಿ ಹಿಂದಿ, ಬಕಾಲಾದಲ್ಲಿ ನಾಲ್ಕು ಮಾತು ಅರಬ್ಬಿ. ಜಾಗಕ್ಕೊಂದು ವೇಷ ಹಾಕುವುದು ಅದಕ್ಕೆ ಯಾರೂ ಕಲಿಸಿಕೊಡಬೇಕಾದ ವಿದ್ಯೆಯಲ್ಲ. ಪಕ್ಕದ ಬೆಂಚಿನ ಗೆಳೆಯ ಅಪ್ಪನ ಕೆಲಸ ಹೋಯಿತೆಂದು ವರ್ಷದ ನಡುವೆಯೇ ಮಾಯವಾಗುತ್ತಾನೆ. ಹನ್ನೆರಡನೆಯ ತರಗತಿ ಮುಗಿದರೆ ಹೆಚ್ಚಿನವರು ಮಂಗಳೂರಿಗೋ ಬೆಂಗಳೂರಿಗೋ ಇನ್ನೆಲ್ಲಿಗೋ ಹೊರಡಲೇಬೇಕು. 17 ದಾಟಿದ ಚೆರಬ್ ಹುಡುಗ ಬಿಳಿ ಅಂಗಿ ತೊಟ್ಟು ಆವರಣ ಬಿಡುವುದು ಅವರಿಗೆ ಕಥೆಯಲ್ಲ. ಎಲ್ಲರೂ ಎಲ್ಲಿಂದಲೋ ಬಂದವರು, ಎಲ್ಲರೂ ಒಂದು ದಿನ ಹೋಗುವವರು, ಆದರೂ ಇದು ನಮ್ಮ ಮನೆ ಎನ್ನಬಲ್ಲ ಶಾಲೆ! ಈ ಆಸೆಯನ್ನು ಮಚಮೋರ್ ಮುಟ್ಟಿದ್ದಾರೆ. ಅದಕ್ಕಾಗಿ ಅವರಿಗೆ ನಮಸ್ಕಾರ.

ಆದ್ದರಿಂದ ಈ ಪುಸ್ತಕಗಳನ್ನು ಮಕ್ಕಳ ಕೈಯಿಂದ ಕಸಿಯಬೇಡಿ ಎಂದೇ ನಮ್ಮ ಸಲಹೆ. ಜೊತೆಗೆ ಕಚನ ಕಥೆಯನ್ನೂ ಹೇಳಿ, ದೇವಯಾನಿಯ ಪಾತ್ರವನ್ನು ನುಂಗದೆ ಹೇಳಿ. ಆಮೇಲೆ ಮಕ್ಕಳೇ ತಿರುಗಿ ಒಂದು ಪ್ರಶ್ನೆ ಕೇಳಬಹುದು, ಸಿದ್ಧವಾಗಿರಿ: ನೀವು ನಮಗೆ ಒಪ್ಪಿಸಿರುವ ಕೆಲಸವೇನು, ಅದನ್ನು ಒಲ್ಲೆ ಎನ್ನುವ ಹಕ್ಕು ನಮಗುಂಟೇ? ಇಂಜಿನಿಯರಿಂಗ್ ಸೀಟು, ಮೆಡಿಕಲ್ ಸೀಟು ಎಂದು ನಾವು ಹೊರಿಸುವ ಹೊರೆಗೂ ಆ ನಿಯಮ ಅನ್ವಯಿಸಬೇಕಲ್ಲವೇ?

ನಿಮ್ಮ ಮನೆಯ ಪುಟ್ಟ ಓದುಗರು ಏನು ಹೇಳುತ್ತಾರೆಂದು ಕೇಳಿ ನಮಗೆ ಬರೆಯಿರಿ. ಅವರ ಮಾತಿಗೆ ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿದೆ.