ರನ್ನನ ಪ್ರತಿನಾಯಕನೂ ನವೋದಯದ ನಾಯಕನೂ

ಕನ್ನಡ ಸಾಹಿತ್ಯದ ನವೋದಯವು ಆಂಗ್ಲ ಕವಿತೆಯ ಪರಿಚಯದಿಂದ ಉಂಟಾಯಿತೆಂಬುದು ಒಂದು ಪಕ್ಷ. ಹಳಗನ್ನಡ ಗ್ರಂಥಗಳ ಪುನರುದ್ಧಾರದಿಂದ ಉಂಟಾಯಿತೆಂಬುದು ಮತ್ತೊಂದು ಪಕ್ಷ. ಮೊದಲನೆಯವರಿಗೆ 1926ರಲ್ಲಿ ಹೊರಬಂದ ‘ಇಂಗ್ಲಿಷ್ ಗೀತಗಳು’ ಪ್ರಮಾಣ. ಎರಡನೆಯವರಿಗೆ ಕಿಟ್ಟೆಲರ ನಿಘಂಟು (1894), ಪಾಠಕರು ಸಂಪಾದಿಸಿದ ಕವಿರಾಜಮಾರ್ಗ (1898), ಆರ್. ನರಸಿಂಹಾಚಾರ್ಯರ ಕವಿಚರಿತೆಯ ಮೊದಲ ಸಂಪುಟ (1907), ಸಾಹಿತ್ಯ ಪರಿಷತ್ತಿನ ಸ್ಥಾಪನೆ (1915) ಇವು ಪ್ರಮಾಣ. ಕಾರಣಗಳನ್ನು ಹೀಗೆ ಬೇರೆಬೇರೆಯಾಗಿಟ್ಟು ಎಣಿಸಿದರೆ ಕಾರ್ಯದ ಸ್ವರೂಪವು ತಿಳಿಯದು. ಹಳೆಯ ಗ್ರಂಥವು ಹೊಸ ಓದುಗರ ಕೈಗೆ ಬಂದಾಗ ಅದರೊಳಗೆ ಯಾವುದು ತನ್ನ ಸ್ಥಾನವನ್ನು ಬಿಟ್ಟು ಕದಲಿತೆಂಬುದನ್ನು ನೋಡಬೇಕು. ಇದಕ್ಕೆ ರನ್ನನ ಗದಾಯುದ್ಧಕ್ಕಿಂತ ತಕ್ಕ ಉದಾಹರಣೆಯು ದೊರೆಯುವುದು ಕಷ್ಟ.

ರನ್ನನು ಹತ್ತನೆಯ ಶತಮಾನದ ಉತ್ತರಾರ್ಧದವನು; ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದವನು. ಗದಾಯುದ್ಧಕ್ಕೆ ಸಾಹಸಭೀಮವಿಜಯವೆಂಬ ಹೆಸರೂ ಉಂಟು. ತೈಲಪನ ಮಗನಾದ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಅಭೇದವಾಗಿ ಕಲ್ಪಿಸಿ, ಭಾರತಯುದ್ಧದ ಕೊನೆಯ ಘಟ್ಟವನ್ನು ಹತ್ತು ಆಶ್ವಾಸಗಳಲ್ಲಿ ವರ್ಣಿಸಿ, ಹಿಂದಿನ ವೃತ್ತಾಂತವನ್ನೆಲ್ಲ ಸಿಂಹಾವಲೋಕನಕ್ರಮದಿಂದ ಸ್ಮರಣೆಗೆ ತರುವುದು ಕವಿಯ ಸಂಕಲ್ಪ. ಹೆಸರಿನಿಂದಲೂ ಉದ್ದೇಶದಿಂದಲೂ ಭೀಮನೇ ನಾಯಕನು, ಪಟ್ಟಾಭಿಷೇಕವಾಗುವುದೂ ಅವನಿಗೇ. ಆದರೂ ಸಹೃದಯನ ಚಿತ್ತದಲ್ಲಿ ಅಚ್ಚೊತ್ತಿ ನಿಲ್ಲುವವನು ದುರ್ಯೋಧನ. ಸಂಜಯನೊಡನೆ ಹೆಣಗಳ ನಡುವೆ ಹೆಜ್ಜೆಯಿಡುತ್ತ ಅವನು ದ್ರೋಣನನ್ನೂ ದುಶ್ಶಾಸನನನ್ನೂ ಕರ್ಣನನ್ನೂ ಕಂಡು ಮರುಗುವನು. ಶತ್ರುವಿನ ಮಗನಾದ ಅಭಿಮನ್ಯುವಿನ ಮುಂದೆ ನಿಂತು, ಆ ಬಾಲಕನ ಸಾಹಸದಲ್ಲಿ ಒಂದಂಶವಾದರೂ ಕೂಡಿದ ಮರಣವು ತನಗೆ ಬರಲೆಂದು ಹಾರೈಸುವನು. ಭೀಮನ ಗರ್ಜನೆಗಳಲ್ಲಿ ಓಜಸ್ಸು ಇಲ್ಲದಿಲ್ಲ. ಅವು ಕಿವಿಯನ್ನು ತುಂಬುತ್ತವೆ, ಅಷ್ಟೆ. ಈ ಹೆಣದ ಬಯಲಿನ ಮಾತುಗಳು ಎದೆಯನ್ನು ತುಂಬುತ್ತವೆ.

ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಪ್ರಕಟಿಸಿದ ‘ಗದಾಯುದ್ಧ ನಾಟಕಂ’ ಈ ಭಾಗಗಳನ್ನೇ ಪ್ರಾಣವಾಗಿ ಹಿಡಿಯಿತು. ಪದ್ಯಗಳು ಬಹುಮಟ್ಟಿಗೆ ರನ್ನನವೇ. ಜೋಡಣೆ ಮಾತ್ರ ಹೊಸದು. ದುರ್ಯೋಧನನು ಪ್ರತಿನಾಯಕನ ಪೀಠದಿಂದ ಇಳಿದು, ವಿಧಿಯೊಡನೆ ಹೆಣಗಿ ಬೀಳುವ ರುದ್ರನಾಟಕದ ನಾಯಕನಾದನು. ನಾಗಚಂದ್ರನ ರಾವಣನನ್ನು ಕುರಿತು ಶ್ರೀಯವರು ಬರೆದ ಪ್ರಬಂಧದಲ್ಲಿಯೂ ಇದೇ ದೃಷ್ಟಿಯಿದೆ. ಸೀತೆಯ ಪಾತಿವ್ರತ್ಯವನ್ನು ಕಂಡು ಮನಸ್ಸು ತಿರುಗಿದ ಮೇಲೂ, ಗೆದ್ದು ಆಮೇಲೆ ಒಪ್ಪಿಸುವೆನೆಂದು ಯುದ್ಧಕ್ಕೆ ನಡೆಯುವ ಆ ಜೈನ ರಾವಣನಲ್ಲಿ ಅವರು ಗ್ರೀಕ್ ನಾಟಕದ ನಾಯಕರ ಬಂಧುವನ್ನು ಕಂಡರು.

ಇದು ಯವನರಿಂದ ತಂದ ಅಳತೆಗೋಲಿನಿಂದ ಕನ್ನಡ ಕವಿಯನ್ನು ಅಳೆದುದಲ್ಲವೆ, ಎಂದು ಶಂಕಿಸಬಹುದು. ಶಂಕೆಯು ಸಹಜವಾದುದು; ಅದರೆ ಅಳತೆಗೋಲಿನ ವಿಚಾರಕ್ಕೆ ಮೊದಲು ರನ್ನನು ಶತ್ರುವನ್ನು ಇಷ್ಟು ಎತ್ತರಕ್ಕೆ ಏರಿಸಿದುದು ಏಕೆಂಬುದನ್ನು ತಿಳಿಯಬೇಕು. ದಂಡಿಯು ಕಾವ್ಯಾದರ್ಶದ ಪ್ರಥಮ ಪರಿಚ್ಛೇದದಲ್ಲಿ ಎರಡು ಮಾರ್ಗಗಳನ್ನು ಹೇಳಿದ್ದಾನೆ. ನಾಯಕನ ಗುಣಗಳನ್ನು ಮೊದಲು ವರ್ಣಿಸಿ ಶತ್ರುಗಳ ಪರಾಭವವನ್ನು ತೋರಿಸುವುದು ಒಂದು. ಶತ್ರುವಿನ ವಂಶ, ಪರಾಕ್ರಮ, ವಿದ್ಯೆ ಇವುಗಳನ್ನೇ ಹೊಗಳಿ, ಅಂತಹವನನ್ನು ಗೆದ್ದುದರಿಂದ ನಾಯಕನ ಉತ್ಕರ್ಷವನ್ನು ಸೂಚಿಸುವುದು ಇನ್ನೊಂದು. ಎರಡನೆಯದು ತನಗೆ ಸಂತೋಷವನ್ನುಂಟುಮಾಡುವುದೆಂದು ಆಚಾರ್ಯನ ಮಾತು. ಕಾವ್ಯಾದರ್ಶದ ಋಣವು ಕನ್ನಡಕ್ಕೆ ಕವಿರಾಜಮಾರ್ಗದ ಕಾಲದಿಂದಲೂ ಇದೆ. ಆದುದರಿಂದ ದುರ್ಯೋಧನನ ಔನ್ನತ್ಯವು ರನ್ನನಲ್ಲಿ ಉಪಾಯ, ಭೀಮನ ವಿಜಯವು ಉಪೇಯ. ನವೋದಯವು ಮಾಡಿದುದು ಇಷ್ಟೆ: ಉಪಾಯವನ್ನೇ ಉಪೇಯವನ್ನಾಗಿ ಮಾಡಿತು. ರನ್ನನ ಒಂದು ಪದ್ಯವನ್ನೂ ತಿದ್ದದೆ ಕಾವ್ಯದ ಅಂಗಾಂಗಿಭಾವವನ್ನು ಅದು ತಲೆಕೆಳಗುಮಾಡಿತು.

ಈ ವಿಪರ್ಯಾಸಕ್ಕೆ ಕಾರಣವು ಕೇವಲ ಸಾಹಿತ್ಯವಿಚಾರದಲ್ಲಿ ಸಿಕ್ಕುವುದಿಲ್ಲ. ಸತ್ಯಾಶ್ರಯನ ಆಸ್ಥಾನದಲ್ಲಿ ಕುಳಿತು ಕೇಳಿದವನಿಗೆ ಭೀಮನ ಹಿಂದೆ ಒಬ್ಬ ಪ್ರತ್ಯಕ್ಷ ರಾಜನಿದ್ದನು. ಪಟ್ಟಾಭಿಷೇಕದ ಪದ್ಯಗಳು ಅವನಿಗೆ ಬರಿಯ ಕಥೆಯಾಗಿರಲಿಲ್ಲ. ಅಚ್ಚಾದ ಪುಸ್ತಕವನ್ನು ಬಿಡಿಸಿ ಓದುವವನಿಗೆ ಆ ರಾಜನು ಅಡಿಟಿಪ್ಪಣಿಯಲ್ಲಿರುವ ಒಂದು ಹೆಸರು. ಆಶ್ರಯದಾತನು ಮರೆಯಾದ ಮೇಲೆ ಅವನ ಪ್ರತಿಬಿಂಬವಾದ ನಾಯಕನು ಬಡವಾದನು. ಯಾರ ಹಂಗೂ ಇಲ್ಲದ ಪ್ರತಿನಾಯಕನು ಬೆಳೆದನು. ಓದುಗರ ಮಂಡಲಿಯೂ ಬದಲಾಗಿತ್ತು. ಬಸದಿಗಳ ಮತ್ತು ಮಠಗಳ ಓಲೆಗರಿಯ ಕಟ್ಟುಗಳಲ್ಲಿ ಉಳಿದು, ಹೆಚ್ಚಾಗಿ ಆಯಾ ಮತದವರ ಆದರಕ್ಕೆ ಪಾತ್ರವಾಗಿದ್ದ ಗ್ರಂಥಗಳು ವಿದ್ಯಾರ್ಥಿಗಳೆಲ್ಲರ ಸೊತ್ತಾದುವು. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಆರಂಭವಾಯಿತು, ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು 1923ರಲ್ಲಿ ಹೊರಬಂದಿತು. ಜೈನಕವಿಯ ಕಾವ್ಯವನ್ನು ವೈದಿಕ ಮನೆತನದ ಅಧ್ಯಾಪಕನು ಸಕಲ ಮತದ ಬಾಲಕರಿಗೂ ಪಾಠ ಹೇಳುವಾಗ ಪುಣ್ಯಫಲವನ್ನು ಹೇಳಿ ಮುಗಿಸಲು ಬರುವುದಿಲ್ಲ. ಪಾತ್ರದ ಮನಸ್ಸನ್ನು ವಿವರಿಸಬೇಕಾಗುತ್ತದೆ.

ಇಲ್ಲಿ ಸಂಸ್ಕೃತಪಕ್ಷವನ್ನೂ ಮರೆಯಲಾಗದು. ಭಾಸನದೆಂದು ಪ್ರಸಿದ್ಧವಾದ ಊರುಭಂಗವನ್ನು ಗಣಪತಿ ಶಾಸ್ತ್ರಿಗಳು ತಿರುವನಂತಪುರದ ಗ್ರಂಥಮಾಲೆಯಲ್ಲಿ ಪ್ರಕಟಿಸಿದುದು 1912ರಲ್ಲಿ. ಅದರಲ್ಲಿ ತೊಡೆಮುರಿದ ದುರ್ಯೋಧನನು ಕ್ಷಮಾವಂತನಾಗಿ, ಪ್ರೇಕ್ಷಕರ ಕಣ್ಣೆದುರಿಗೇ ಪ್ರಾಣಬಿಡುವನು. ಅದಕ್ಕೂ ಹಿಂದೆ ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನನು ವೃಷ್ಣಿಗಳ ಹಾಗೂ ಪಾಂಡವರ ವಿರಸವಾದ ಅವಸಾನವನ್ನು ನೋಡಿ ಮಹಾಭಾರತಕ್ಕೆ ಶಾಂತವೇ ಅಂಗಿರಸವೆಂದು ನಿರ್ಣಯಿಸಿದನು. ವೀರಕಥೆಯೆಂದು ಲೋಕವು ಓದುತ್ತಿದ್ದುದನ್ನು ಬೇರೊಂದು ಅಂಗಿಯಿಂದ ಓದಿದ ಮೊದಲಿಗರು ಶ್ರೀಯವರಲ್ಲ. ಯವನರ ದೀಪದಿಂದ ಕಂಡ ವಸ್ತುವು ಮನೆಯ ಉಗ್ರಾಣದಲ್ಲಿಯೇ ಇತ್ತು.

ಒಮ್ಮೆ ಬಿಡುಗಡೆಯಾದ ಪ್ರತಿನಾಯಕನು ಅಷ್ಟಕ್ಕೇ ನಿಲ್ಲಲಿಲ್ಲ. ಶ್ರೀಯವರೇ 1929ರ ‘ಅಶ್ವತ್ಥಾಮನ್’ ನಾಟಕದಲ್ಲಿ ಸಾಫೋಕ್ಲೀಸನ ಅಯಾಸನ ಜಾಡನ್ನು ಹಿಡಿದು, ಚಿರಂಜೀವಿಯೆಂದು ಪ್ರಸಿದ್ಧನಾದವನಿಗೆ ಮರಣವನ್ನು ಕಲ್ಪಿಸಿದರು. ಇಲ್ಲಿ ಅಂಗಾಂಗಿಭಾವ ಮಾತ್ರವಲ್ಲ, ಇತಿವೃತ್ತವೇ ಬದಲಾಯಿತು. ಗದಾಯುದ್ಧ ನಾಟಕದ ಔಚಿತ್ಯವು ಇದಕ್ಕಿಲ್ಲ. 1944ರ ‘ಶೂದ್ರ ತಪಸ್ವಿ’ಯಲ್ಲಿ ಕುವೆಂಪು ಅವರು ಶಂಬೂಕನನ್ನು ಉಳಿಸಿ, ಬಾಣವನ್ನು ದೂರು ತಂದ ಬ್ರಾಹ್ಮಣನ ಕಡೆಗೇ ತಿರುಗಿಸಿದಾಗ ಮಾಸ್ತಿಯವರು ಆಕ್ಷೇಪಿಸಿದರು. ಪೂರ್ವಕಥೆಯನ್ನು ಎಲ್ಲಿಯವರೆಗೆ ತಿದ್ದಬಹುದೆಂಬ ಆ ಪ್ರಶ್ನೆಯು ಗೌರವಾರ್ಹವಾದುದೇ. ಆದರೆ ಅಶ್ವತ್ಥಾಮನ ವಿಷಯದಲ್ಲಿ ಸಲ್ಲುವ ಆಕ್ಷೇಪವು ಇಲ್ಲಿ ಅಷ್ಟೇ ಬಲದಿಂದ ಸಲ್ಲದು. ಭವಭೂತಿಯು ಉತ್ತರರಾಮಚರಿತದ ಎರಡನೆಯ ಅಂಕದಲ್ಲಿ, ಶಂಬೂಕನ ಮೇಲೆ ಕತ್ತಿಯೆತ್ತಿದ ರಾಮನಿಂದ ತನ್ನ ಬಲಗೈಯನ್ನು ತಾನೇ ನಿಂದಿಸುವಂತೆ ಮಾತನಾಡಿಸಿದ್ದಾನೆ. ಆ ಕೃತ್ಯದಲ್ಲಿ ನೋಯುವ ಮುಳ್ಳೊಂದಿದೆಯೆಂದು ಪ್ರಾಚೀನ ಮಹಾಕವಿಯೇ ಬಲ್ಲನು. ಅವನು ನೋವನ್ನು ಹೇಳಿ ಬಿಟ್ಟನು. ಮುಳ್ಳನ್ನು ಕೀಳಲು ಹೊರಟವನು ಶೂದ್ರನೆನಿಸಿಕೊಂಡ ಕುಲದಲ್ಲಿಯೇ ಹುಟ್ಟಿ ವಿಶ್ವವಿದ್ಯಾನಿಲಯದಲ್ಲಿ ಕಲಿತ ಕವಿ. ಓದುವವನು ಬದಲಾದುದರ ಫಲವು ಇಲ್ಲಿ ಸ್ಪಷ್ಟವಾಗಿ ಕಾಣುವುದು.

ಹೀಗೆಂದು ನವೋದಯದ ಓದಿನಲ್ಲಿ ನಷ್ಟವೇ ಇಲ್ಲವೆಂದಲ್ಲ. ಸಿಂಹಾವಲೋಕನವು ರನ್ನನ ಕಥನಶಿಲ್ಪದ ಜೀವಾಳ. ಅಲ್ಲಿ ವರ್ತಮಾನದ ಪ್ರತಿಯೊಂದು ಕ್ಷಣವೂ ಹಿಂದಿನ ಅಪರಾಧದ ಭಾರವನ್ನು ಹೊತ್ತು ಬರುವುದು. ದುರಂತನಾಯಕನ ಮೇಲೆ ಕಣ್ಣಿಟ್ಟು ಓದುವವನಿಗೆ ಆ ಭಾರವು ಹಗುರವಾಗುವುದು. ಬೀಳುವವನ ಎತ್ತರವು ಕಾಣುವುದು, ಬೀಳುವುದಕ್ಕೆ ಕಾರಣವಾದ ಸಭಾಪರ್ವವು ಮಸುಕಾಗುವುದು. ರನ್ನನು ಕಾವ್ಯದ ಆರಂಭದಲ್ಲಿಯೇ ದ್ರೌಪದಿಯನ್ನು ತಂದು ಭೀಮನೊಡನೆ ಮಾತನಾಡಿಸಿದ್ದಾನೆ. ಬಿಚ್ಚಿದ ಮುಡಿಯೇ ಆ ಕಥೆಯ ಬೀಜ, ಮುಡಿಯನ್ನು ಕಟ್ಟುವುದೇ ಅದರ ಫಲ. ದುರ್ಯೋಧನನಿಗಾಗಿ ಕಣ್ಣೀರಿಟ್ಟ ವಿಮರ್ಶಕರು ಹಲವರು. ರನ್ನನ ದ್ರೌಪದಿಯನ್ನು ಮಧ್ಯಕ್ಕೆ ತಂದು ಗದಾಯುದ್ಧವನ್ನು ಮೊದಲಿನಿಂದ ಓದುವ ಕೆಲಸವು ಅಷ್ಟೇ ಶ್ರದ್ಧೆಯಿಂದ ನಡೆಯಬೇಕಾಗಿದೆ.