ಆರೋಪ ಪಟ್ಟಿಗೆ ಸೇರದ ರನ್ನಿಂಗ್ ಟೈಮ್

ರಾಜ್ಯದ ಸಾರಿಗೆ ನಿಗಮಗಳಲ್ಲಿ ಚಾಲಕನೊಬ್ಬ ತಪ್ಪು ಮಾಡಿದನೆಂಬ ದೂರು ಬಂದರೆ ಮುಂದಿನ ಹಾದಿ ಗೊತ್ತಿರುವುದೇ: ಅಮಾನತು, ಆರೋಪ ಪಟ್ಟಿ, ಇಲಾಖಾ ವಿಚಾರಣೆ, ಶಿಕ್ಷೆ. ಇದಕ್ಕೆ ಆಧಾರ 1971ರ ನಡತೆ ಮತ್ತು ಶಿಸ್ತು ನಿಯಮಾವಳಿ. ಕಾಗದದ ಮೇಲೆ ಇದು ನ್ಯಾಯವಾದ ಕ್ರಮ. ಆರೋಪವನ್ನು ಲಿಖಿತವಾಗಿ ತಿಳಿಸಬೇಕು, ಉತ್ತರ ಕೊಡಲು ಕಾಲಾವಕಾಶ ಇರಬೇಕು, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸುವ ಹಕ್ಕು ನೌಕರನಿಗೆ ಸಿಗಬೇಕು. ಇಷ್ಟೆಲ್ಲ ಇದ್ದೂ ಆಡಳಿತಕ್ಕೂ ಸಂಘಗಳಿಗೂ ನಡುವೆ ಶಿಸ್ತಿನ ಜಗಳ ತೀರಿಲ್ಲ. ದೋಷ ವಿಚಾರಣೆಯ ವಿಧಾನದಲ್ಲಿರುವುದಕ್ಕಿಂತ ಅಲ್ಲಿ ಕೇಳುವ ಪ್ರಶ್ನೆಯಲ್ಲಿದೆ ಎಂಬುದು ನನ್ನ ತೀರ್ಮಾನ.

ಅಪಘಾತದ ಪ್ರಕರಣವನ್ನೇ ನೋಡಿ. ಚಾಲಕ ಅಜಾಗರೂಕನಾಗಿದ್ದನೇ, ಇಲ್ಲವೇ ಎಂಬುದಷ್ಟೇ ಅಲ್ಲಿ ವಿಚಾರಣೆಯ ವಸ್ತು. ಹಿಂದಿನ ದಿನ ಅವನು ಎಷ್ಟು ಹೊತ್ತಿಗೆ ಡ್ಯೂಟಿ ಇಳಿದ, ಎಷ್ಟು ಗಂಟೆ ನಿದ್ದೆ ಮಾಡಿದ, ಡಿಪೋದ ವೇಳಾಪಟ್ಟಿ ನಮೂನೆಯಾದ ಫಾರಂ-4ರಲ್ಲಿ ಆ ಮಾರ್ಗಕ್ಕೆ ಬರೆದಿರುವ ರನ್ನಿಂಗ್ ಟೈಮ್, ಅಂದರೆ ಓಡಾಟದ ಅವಧಿ, ಇಂದಿನ ರಸ್ತೆಗೆ ಹೊಂದುತ್ತದೆಯೇ ಎಂಬುದು ಆರೋಪ ಪಟ್ಟಿಯೊಳಗೆ ಬರುವುದೇ ಇಲ್ಲ. ಬೆಂಗಳೂರಿನ ಸಂಜೆಯ ದಟ್ಟಣೆಯಲ್ಲಿ ಟ್ರಿಪ್ ಮುಗಿಸಲಾಗದೆ ಹೋದರೆ ಟ್ರಿಪ್ ಕಟ್ ಮಾಡಿದನೆಂದು ವಿವರಣೆ ಕೇಳುತ್ತಾರೆ; ಮುಗಿಸಲೆಂದು ವೇಗ ಹೆಚ್ಚಿಸಿ ಯಾರಿಗಾದರೂ ತಗುಲಿಸಿದರೆ ಅಮಾನತು ಮಾಡುತ್ತಾರೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಕೆಲಸದ ಮಿತಿ ಹೇಳಿತ್ತು. ವಿರಾಮವೂ ಸೇರಿ ದಿನದ ಕೆಲಸ 12 ಗಂಟೆಗಿಂತ ಹೆಚ್ಚು ಹರಡಬಾರದು ಎಂದಿತ್ತು. ಇಂಥ ಮಿತಿಯನ್ನು ಡ್ಯೂಟಿ ಹಂಚುವವರು ಪಾಲಿಸಿದರೇ ಎಂದು ನೋಡದೆ ಸ್ಟೇರಿಂಗ್ ಹಿಡಿದವನ ತಪ್ಪನ್ನು ಮಾತ್ರ ತೂಗುವುದು ಅರೆ ವಿಚಾರಣೆ. ವಿಚಾರಣಾಧಿಕಾರಿಯೂ ನಿಗಮದವರೇ ಅಥವಾ ನಿಗಮವೇ ನೇಮಿಸಿದವರು. ಡಿಪೋದ ವೇಳಾಪಟ್ಟಿಯನ್ನು ಪ್ರಶ್ನಿಸಲು ಅವರಿಗೆ ಯಾವ ಒತ್ತಾಯವೂ ಇಲ್ಲ.

ಟಿಕೆಟ್ ಹಣದ ವಿಷಯದಲ್ಲಿ ಸುಪ್ರೀಂ ಕೋರ್ಟ್ ನಿಗಮಗಳ ಪರ ಗಟ್ಟಿಯಾಗಿ ನಿಂತಿದೆ. ಪ್ರಯಾಣಿಕರನ್ನು ಸಾಕ್ಷಿಯಾಗಿ ಕರೆಸದಿದ್ದರೂ ಕಂಡಕ್ಟರ್ ಮೇಲಿನ ಇಲಾಖಾ ವಿಚಾರಣೆ ಬಿದ್ದುಹೋಗದು ಎಂದು 1977ರ ರತ್ತನ್ ಸಿಂಗ್ ಪ್ರಕರಣದಲ್ಲಿ ಹೇಳಿತು. 2001ರಲ್ಲಿ ನಮ್ಮ ಕೆಎಸ್‌ಆರ್‌ಟಿಸಿಯ ಹುಳ್ಳಿಕಟ್ಟಿ ಪ್ರಕರಣದಲ್ಲಿ ಟಿಕೆಟ್ ಹಣದಲ್ಲಿ ಅಕ್ರಮ ಎಸಗಿದ ಕಂಡಕ್ಟರನನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವ ಅನುಕಂಪ ಸಲ್ಲದು ಎಂದಿತು. ಜನರ ದುಡ್ಡಿನ ಮಾತಾದ್ದರಿಂದ ಈ ಬಿಗಿಯನ್ನು ಒಪ್ಪುತ್ತೇನೆ. ಚೀಲದಲ್ಲಿರುವ ಹಣ, ಮಾರಾಟವಾದ ಟಿಕೆಟ್ಟಿನ ಲೆಕ್ಕ ತಪಾಸಣೆಯ ಕ್ಷಣದಲ್ಲೇ ಕಣ್ಣಿಗೆ ಕಾಣುತ್ತವೆ. ಚಾಲಕನ ತಪ್ಪು ಹಾಗಲ್ಲ. ಬ್ರೇಕು, ರಸ್ತೆಯ ಗುಂಡಿ, ಅಡ್ಡ ನುಗ್ಗಿದ ದ್ವಿಚಕ್ರ ವಾಹನ, ಕಣ್ಣೆಳೆಯುವ ದಣಿವು ಎಲ್ಲವೂ ಕೂಡಿ ಕ್ಷಣಾರ್ಧದಲ್ಲಿ ಆಗಿಹೋಗುತ್ತದೆ. ಟಿಕೆಟ್ ಪ್ರಕರಣಕ್ಕೆ ಹೊಂದುವ ತರ್ಕವನ್ನು ಹಾಗೇ ಎತ್ತಿ ಚಾಲಕನ ಮೇಲೆ ಹೇರುವುದನ್ನು ಒಪ್ಪಲಾರೆ.

ಇನ್ನು ಸಂಘಗಳು. ಕುಡಿದು ಬಸ್ಸು ಓಡಿಸಿದವನ ಪರವಾಗಿಯೂ ಮುಖಂಡರು ಡಿಪೋ ಮ್ಯಾನೇಜರ ಬಾಗಿಲಿಗೆ ಹೋದರೆ ನಿಷ್ಕಳಂಕ ಚಾಲಕನ ಪರ ಆಡುವ ಮಾತಿಗೂ ಬೆಲೆ ಉಳಿಯುವುದಿಲ್ಲ. ಬಸ್ಸಿನಲ್ಲಿ ಐವತ್ತು ಜನರ ಜೀವವಿದೆ. ಅದರಲ್ಲಿ ರಾಜಿ ಇರಬಾರದು. ವೇತನ ಬಡ್ತಿ ತಡೆಯನ್ನು ಎರಡರಿಂದ ಒಂದಕ್ಕೆ ಇಳಿಸಿಕೊಡುವುದೇ ನಾಯಕತ್ವವಾದರೆ ಶಿಸ್ತು ಹಂಗಿನ ವ್ಯವಹಾರವಾಗುತ್ತದೆ. ಫಾರಂ-4ರ ಪರಿಷ್ಕರಣೆಗೆ ಪಟ್ಟು ಹಿಡಿದು ಕೂರುವ ಸಂಘವೇ ನಿಜವಾಗಿ ಚಾಲಕನನ್ನು ಕಾಯುತ್ತದೆ. ಮಾನ್ಯತೆಯ ಚುನಾವಣೆಯಿಲ್ಲದೆ ದಶಕಗಳು ಕಳೆದಿರುವಾಗ ಯಾವ ಸಂಘ ಎಷ್ಟು ಜನರ ಪರ ಮಾತಾಡುತ್ತಿದೆ ಎಂಬುದೂ ಸ್ಪಷ್ಟವಿಲ್ಲ.

ಆಡಳಿತ ತನ್ನ ನೈತಿಕ ಬಲವನ್ನು ತಾನೇ ಕಳೆದುಕೊಂಡದ್ದು 2021ರ ಏಪ್ರಿಲ್‌ನಲ್ಲಿ. ಆರನೇ ವೇತನ ಆಯೋಗದ ಸಂಬಳ ಕೇಳಿ ನೌಕರರು ಏಪ್ರಿಲ್ 7ರಿಂದ ಎರಡು ವಾರ ಮುಷ್ಕರ ಹೂಡಿದರು. ಕೊರೊನಾ ಎರಡನೇ ಅಲೆಯ ಹೊತ್ತಿನಲ್ಲಿ ಜನ ಪಟ್ಟ ಪಾಡು ಸಣ್ಣದಲ್ಲ. ಆದರೂ ಅಂದು ಸಾಲು ಸಾಲಾಗಿ ನಡೆದ ಅಮಾನತು, ವಜಾ, ದೂರದೂರಿನ ವರ್ಗಾವಣೆಗಳು ರಸ್ತೆಯ ಸುರಕ್ಷತೆಗಾಗಿ ನಡೆದವಲ್ಲ, ಮುಷ್ಕರ ಮುರಿಯಲು ನಡೆದವು. ಮುಂದೆ ಅದೇ ವಜಾಗೊಂಡವರಲ್ಲಿ ಅನೇಕರನ್ನು ಷರತ್ತು ಹಾಕಿ ಹಂತ ಹಂತವಾಗಿ ಮರಳಿ ಸೇರಿಸಿಕೊಂಡರು. ಅಷ್ಟು ಸುಲಭವಾಗಿ ಹಿಂದಕ್ಕೆ ಪಡೆಯಬಹುದಾದ ಶಿಕ್ಷೆ ಮೊದಲಿಗೇ ಅಗತ್ಯವಿತ್ತೇ? ಸಂಬಳದ ಜಗಳಕ್ಕೆ ಶಿಸ್ತಿನ ನಿಯಮ ಬಳಕೆಯಾದ ಮೇಲೆ, ಮುಂದಿನ ನ್ಯಾಯಯುತ ಅಮಾನತನ್ನೂ ನೌಕರರು ಸೇಡೆಂದೇ ಓದುತ್ತಾರೆ.

ಮೊಬೈಲಿನ ವಿಡಿಯೊ ಹರಿದಾಡಿದ ಬೆನ್ನಿಗೇ ಅಮಾನತು ಮಾಡುವ ಅಭ್ಯಾಸ ಈಗ ಇನ್ನೊಂದು ತೊಡಕು. ಚಾಲಕನನ್ನು ಕೂಡಲೇ ಬಸ್ಸಿನಿಂದ ಇಳಿಸಲಿ, ಅದರಲ್ಲಿ ತಪ್ಪಿಲ್ಲ. ಆದರೆ ಪ್ರತಿ ಆರೋಪ ಪಟ್ಟಿಯ ಜೊತೆಗೆ ಹಿಂದಿನ ಏಳು ದಿನಗಳ ಡ್ಯೂಟಿ ದಾಖಲೆ, ಆ ಮಾರ್ಗದ ಫಾರಂ-4 ಮತ್ತು ಬಸ್ಸಿನ ದುರಸ್ತಿ ಪುಸ್ತಕದ ಪ್ರತಿ ಕಡ್ಡಾಯವಾಗಿ ಇರಬೇಕು. ಅವುಗಳಲ್ಲಿ ಲೋಪ ಕಂಡರೆ ಡ್ಯೂಟಿ ಹಂಚಿದ ಅಧಿಕಾರಿಯ ಹೆಸರೂ ಅದೇ ಪಟ್ಟಿಯಲ್ಲಿ, ಚಾಲಕನ ಹೆಸರಿನ ಕೆಳಗೆ ಬರಬೇಕು.